ಉಡಿಯ ಕಣಕ್ಕೆ ಕತ್ತರಿ ಹಾಕಿದ್ದು

ಹೊಲಿಗೆ ಟೀಚರ್ ಹೇಳಿದ್ದೇ ವೇದವಾಕ್ಯವೆಂದು ನಂಬಿದ್ದ ಕಾಲ ಅದು. ನಾನು ಐದನೇ ಕ್ಲಾಸು. ಬಟ್ಟೆಯಂಚಿಗೆ ದೊಡ್ಡ ದೊಡ್ಡ ಹೊಲಿಗೆ ಹಾಕಿ ದಾರ ಎಳೆದರೆ ಸುಕ್ಕುಸುಕ್ಕಾಗಿ ಫ್ರಿಲ್ ಬರುತ್ತದೆಂದು ಅವರು ತೋರಿಸಿದಾಗಿನಿಂದ ನನಗೆ ಫ್ರಿಲ್ ಇರುವ ಕೈಚೀಲದ್ದೇ ಹುಚ್ಚು. ಶಿಕಾರಿಪುರದ ಪಕ್ಕದ ನಮ್ಮ ಹಳ್ಳಿಯಲ್ಲಿ ಬಟ್ಟೆ ಅಂಗಡಿ ಎಲ್ಲಿಂದ ಬರಬೇಕು? ಅಮ್ಮನ ಟ್ರಂಕಿಗೇ ಕೈ ಹಾಕಿದೆ. ನುಸಿಗುಳಿಗೆಯ ವಾಸನೆ ಹೊಡೆಯುತ್ತಿದ್ದ ಹಸಿರು ರವಿಕೆ ಕಣ ಸಿಕ್ಕಿತು. ಹಿಂದೆಮುಂದೆ ನೋಡದೆ ಕತ್ತರಿಸಿ, ಮೂರು ದಿನ ಕದ್ದುಮುಚ್ಚಿ ಹೊಲಿದೆ.

ನಾಲ್ಕನೇ ದಿನ ಹೊಸಬಾಳೆಯಿಂದ ಸರೋಜತ್ತೆ ಬಂದಳು. ಅಪ್ಪನ ತಂಗಿ. ಮೂರು ವರ್ಷದ ಹಿಂದೆ ಅಪ್ಪನ ಜೊತೆ ಮಾತಿಗೆ ಮಾತು ಬೆಳೆದು, ಉಡಿ ತುಂಬಿಸಿಕೊಳ್ಳದೇ ಹೊರಟುಹೋದವಳು ಮತ್ತೆ ಈ ಕಡೆ ತಲೆ ಹಾಕಿಯೂ ಮಲಗಿರಲಿಲ್ಲ. ಅಮ್ಮ ಹತ್ತು ಸಲ ಹೇಳಿಕಳಿಸಿದ ಮೇಲೆ ಬಂದಿದ್ದಳು.

ಊಟಕ್ಕೆ ಬಡಿಸುತ್ತಾ ಅಮ್ಮ ನನ್ನ ಕಿವಿಯಲ್ಲಿ ಹೇಳಿದಳು: "ಈ ಸಲ ಅಕ್ಕಿ, ಕಾಯಿ, ಕಣ ಇಟ್ಟು ಉಡಿ ತುಂಬೇ ಕಳಿಸ್ಬೇಕು. ಹಂಗೇ ಹೋದ್ರೆ ಮತ್ತೆ ಈ ಮನಿಗೆ ಕಾಲಿಡಲ್ಲ ಅವ್ಳು. ಹಸಿರು ಕಣ ಅವ್ಳಿಗಂತಲೇ ತೆಗ್ದಿಟ್ಟೀನಿ."

ಶ್ಯಾವಿಗೆ ಪಾಯಸದ ಬಟ್ಟಲು ಪಕ್ಕಕ್ಕೆ ಸರಿಸಿದೆ. ಹೇಳಿಬಿಡಲೇ ಎಂದು ಬಾಯಿ ತೆರೆಯುತ್ತಿದ್ದೆ, ಅಪ್ಪನ ಮುಖ ನೋಡಿ ಮುಚ್ಚುತ್ತಿದ್ದೆ. ಅಯ್ಯೋ ದೇವರೇ, ಅತ್ತೆ ಹತ್ತಬೇಕಾದ ಸೊರಬದ ಬಸ್ಸು ಕೆಟ್ಟು ನಿಲ್ಲಲಿ ಎಂದು ಬೇಡಿಕೊಂಡೆ. ಆ ಬಸ್ಸಿನ ಹೊತ್ತೂ ಆಗಿಯೇಹೋಯಿತು.

ಅತ್ತೆ ಸೆರಗೊಡ್ಡಿ ಮಣೆಯ ಮೇಲೆ ಕೂತಳು. ಒಳಗೆ ಅಮ್ಮ ಟ್ರಂಕನ್ನೇ ಬೋರಲು ಹಾಕಿದ್ದಳು. "ಎಲ್ಲಿ ಹೋತು ಕಣ? ಇಲ್ಲೇ ಇಟ್ಟಿದ್ದೆ!"

ಅತ್ತೆಯ ಮುಖ ಇಳಿಯಿತು. "ಇರ್ಲಿ ಬಿಡಿ ಅತ್ತಿಗೆ, ನಂಗೆ ಹೊತ್ತಾಯ್ತು," ಎಂದು ಸೆರಗು ಕೊಡವಿ ಎದ್ದಳು.

ನಾನು ಓಡಿಹೋಗಿ ಹಾಸಿಗೆಯಡಿಯಿಂದ ಚೀಲ ತಂದು ಅವಳ ಮುಂದೆ ಹಿಡಿದು ಗೊಳೋ ಎಂದು ಅತ್ತುಬಿಟ್ಟೆ. "ನಿನ್ನ ಕಣ ಇದೇ... ನಾನೇ ಕತ್ತರಿಸ್ದೆ."

ಅಮ್ಮನ ಕೈ ಮೇಲೆದ್ದಿತು. ಅತ್ತೆ ತಡೆದಳು. ಚೀಲವನ್ನು ಹಿಂದೆಮುಂದೆ ತಿರುಗಿಸಿ ನೋಡಿದಳು. "ಎಂತಾ ಹೊಲಿಗೆಯೇ ಮಾರಾಯ್ತಿ, ಕೋಳಿ ಕೆದರಿದಂಗೆ!" ಎಂದು ನಕ್ಕು ಮತ್ತೆ ಮಣೆಯ ಮೇಲೆ ಕೂತಳು. "ಇದ್ರಲ್ಲೇ ಅಕ್ಕಿ ಹಾಕಿ ಅತ್ತಿಗೆ."

"ಕತ್ತರಿ ಬಿದ್ದಿದ್ದನ್ನ ಉಡಿಗೆ ಹಾಕ್ತಾರೇನು?"

"ನನ್ನಣ್ಣನ ಮಗಳು ಹೊಲ್ದಿದ್ದು. ಹಾಕಿ."

ಬಾಗಿಲಲ್ಲಿ ನಿಂತಿದ್ದ ಅಪ್ಪ ಅತ್ತೆಯ ಟ್ರಂಕು ಹೊತ್ತು ಬಸ್ಸಿನ ತನಕ ಹೋದ. ಅತ್ತೆ ಆಮೇಲೆ ಪ್ರತಿ ದೀಪಾವಳಿಗೂ ಬಂದಳು.

ಈಗ ಅವರು ಮೂವರೂ ಇಲ್ಲ. ಆ ಮನೆಯಲ್ಲಿ ನನ್ನ ತಮ್ಮ ಇದ್ದಾನೆ. ಹಿಂದೊಮ್ಮೆ ಹೋದಾಗ ಅವನಿಗೂ ನನಗೂ ಮಾತು ಬೆಳೆದು ಹೊರಟುಬಂದೆ. ನಾಲ್ಕು ವರ್ಷವಾಯಿತು. ಅತ್ತೆ ಮೂರು ವರ್ಷಕ್ಕೇ ಬಂದಿದ್ದಳು. ನನಗೆ ಇನ್ನೂ ಬಸ್ಸು ಹತ್ತಲು ಆಗಿಲ್ಲ.