ಎಂಬತ್ತು ಚೌಕದ ಪುಸ್ತಿಕೆ

ಫೆಬ್ರವರಿಯ ಕೊನೆಯ ಗುರುವಾರ, ಸಂಜೆ ಆರು ಗಂಟೆ ಹತ್ತು ನಿಮಿಷ. ಗ್ವಾದಿಸ್ ಊರಿನ ಯಾತ್ರಿಕರ ಸಂಘದ ಕೋಣೆಯಲ್ಲಿ ಎಲಾದಿಯಾ ಉಕ್ಕಿನ ಅಳತೆಪಟ್ಟಿ ಹಿಡಿದು ಒಂದು ಮುದ್ರೆಯ ಅಗಲ ಅಳೆಯುತ್ತಿದ್ದಳು. ಹೆದ್ದಾರಿ ಪಕ್ಕದ ಹೋಟೆಲಿನವನು ಹೊಸದಾಗಿ ಮಾಡಿಸಿದ ಮುದ್ರೆ ಅದು. ನಡುವೆ ಒಂದು ಹಂದಿತೊಡೆಯ ಚಿತ್ರ, ಸುತ್ತ ಅವನ ಹೆಸರು. ಮೂವತ್ತೆಂಟು ಮಿಲಿಮೀಟರ್. ಯಾತ್ರಾಪುಸ್ತಿಕೆಯ ಒಂದೊಂದು ಚೌಕ ನಲವತ್ತೆರಡು.

"ಆಚೀಚೆ ಎರಡೆರಡು ಉಳೀತು. ಬದುಕ್ಕೊಂಡ," ಎಂದು ಅವಳು ನೋಟ್‌ಬುಕ್ಕಿನಲ್ಲಿ ಗುರುತು ಹಾಕಿಕೊಂಡಳು.

ಎದುರಿಗೆ ಗಾರೆ ಕೆಲಸದ ಫೆರ್ಮಿನ್ ಟೋಪಿ ಕೈಯಲ್ಲಿ ಹಿಡಿದು ನಿಂತಿದ್ದ. ಸಾಂತಿಯಾಗೊದ ಸಂತನ ಸಮಾಧಿಯವರೆಗೆ ನಡೆಯಲು ಹೊರಟವನು. ಇಲ್ಲಿಂದ ಸಾವಿರದ ಇನ್ನೂರ ಎಂಬತ್ತು ಕಿಲೋಮೀಟರ್. ತಂಗಿದಲ್ಲೆಲ್ಲ ಮುದ್ರೆ ಒತ್ತಿಸಿಕೊಂಡ ಪುಸ್ತಿಕೆಯನ್ನು ಅಲ್ಲಿ ತೋರಿಸಿದರೆ ಮಾತ್ರ ನಡೆದು ಬಂದದ್ದಕ್ಕೆ ಪ್ರಮಾಣಪತ್ರ. ಎಲಾದಿಯಾಳ ಬಿಸ್ಕತ್ತಿನ ಡಬ್ಬಿಯಲ್ಲಿ ಅಂಥ ಪುಸ್ತಿಕೆ ಮೂರು ಬಗೆ ಇದ್ದವು: ನಲವತ್ತು ಚೌಕದ್ದು, ಎಂಬತ್ತರದ್ದು, ನೂರ ಹನ್ನೆರಡರದ್ದು. ಮೂರೂ ಹಾರ್ಮೋನಿಯಂ ತಿದಿಯಂತೆ ಮಡಚಿದವು. ಡಬ್ಬಿಗೊಂದು ಬೀಗ, ಬೀಗದ ಕೈ ಹತ್ತೊಂಬತ್ತು ವರ್ಷದಿಂದ ಅವಳ ಕೊರಳಲ್ಲಿ.

"ದಿನಕ್ಕೆ ಎಷ್ಟು ಕಾಫಿ ಕುಡೀತೀಯ?"

"ಸೀಲಿಗೂ ಕಾಫಿಗೂ ಏನ್ ಸಂಬಂಧ, ದೊನ್ಯಾ ಎಲಾದಿಯಾ?"

"ಕಾಫಿಗೆ ನಿಂತಲ್ಲೆಲ್ಲ ಒತ್ತಿಸ್ಕೋತೀಯ. ಎಲ್ರೂ ಅಷ್ಟೇ. ಎಷ್ಟು ಹೇಳು."

"ಮೂರು." ಫೆರ್ಮಿನ್ ತಲೆ ಕೆರೆದುಕೊಂಡ. "ನಾಲ್ಕು ಅಂತ ಬರ್ಕೊಳ್ಳಿ."

"ಮಂಡಿ?"

"ಕಬ್ಬಿಣ."

"ಗುರುತಿಲ್ಲದವರ ಹತ್ರ ಮಾತಾಡ್ತೀಯಾ?"

ಬಾಗಿಲಲ್ಲಿ ನಿಂತಿದ್ದ ಅವನ ಹೆಂಡತಿ ನಕ್ಕಳು. "ಅವನು ಗೋಡೆ ಕಟ್ತಾ ಗೋಡೆ ಜೊತೆನೇ ಮಾತಾಡ್ತಾನೆ ತಾಯಿ."

ಎಲಾದಿಯಾ ನೂರ ಹನ್ನೆರಡರದ್ದನ್ನು ತೆಗೆದುಕೊಟ್ಟಳು. "ಕೊನೇ ನೂರು ಕಿಲೋಮೀಟರ್ ದಿನಕ್ಕೆ ಎರಡು ಸೀಲು ಕಡ್ಡಾಯ. ಬೆಳಿಗ್ಗೆ ಒಂದು, ರಾತ್ರಿ ಊಟ ಆದ್ಮೇಲೆ ಒಂದು. ಮರೀಬೇಡ."

ಮೂವತ್ತನಾಲ್ಕು ವರ್ಷ ಔಷಧದಂಗಡಿಯಲ್ಲಿ ಮಾತ್ರೆ ಎಣಿಸಿ ಕೊಟ್ಟವಳ ನಾಲಿಗೆ ಅದು, ನಿವೃತ್ತಿಯಾದರೂ ಬದಲಾಗಿರಲಿಲ್ಲ. ಪುಸ್ತಿಕೆ ಕೊಟ್ಟಲ್ಲಿಗೆ ಅವಳ ಕೆಲಸವೂ ಮುಗಿಯುತ್ತಿರಲಿಲ್ಲ. ಹೊರಟವರು ಎಲ್ಲಿಗೆ ಯಾವ ದಿನ ತಲುಪುತ್ತಾರೆಂದು ಲೆಕ್ಕ ಹಾಕಿ, ಮುಂದಿನ ಛತ್ರಗಳಿಗೆ ಒಂದೊಂದಾಗಿ ಫೋನು ಮಾಡುತ್ತಿದ್ದಳು: ಮಂಗಳವಾರ ಒಬ್ಬ ಬರ್ತಾನೆ, ಬಲಗಾಲಿನ ಹೆಬ್ಬೆರಳು ಬಾತಿದೆ, ಕೆಳಗಿನ ಮಂಚ ಕೊಡಿ. ಗ್ವಾದಿಸ್‌ನಿಂದ ಸಾಂತಿಯಾಗೊವರೆಗೆ ಅವಳ ಮುಖ ಕಂಡವರಿರಲಿಲ್ಲ. ದನಿ ಗೊತ್ತಿಲ್ಲದ ಛತ್ರವೂ ಇರಲಿಲ್ಲ.

ಮೂಲೆಯ ಕುರ್ಚಿಯಲ್ಲಿ ತೊರ್ಕ್ವಾತೊ ಕಡಲೆಕಾಯಿ ಬಿಡಿಸುತ್ತ ಕೂತಿದ್ದ. ಗ್ರನಾದಾ ಬಸ್ಸಿನ ಚಾಲಕನಾಗಿ ನಿವೃತ್ತನಾದವನು. ಸಾಂತಿಯಾಗೊಗೆ ನಡೆದುಹೋಗಿ, ಕಂಡಕಂಡಲ್ಲಿ ಮುದ್ರೆ ಒತ್ತಿಸಿ, ಮೂರು ಪುಸ್ತಿಕೆ ತುಂಬಿಸಿಕೊಂಡು ಬಂದಿದ್ದ. ಆ ಮೂರಕ್ಕೂ ಸೇರಿಸಿ ಒಂದೇ ಗಾಜಿನ ಕಟ್ಟು ಹಾಕಿಸಿ ಇದೇ ಕೋಣೆಯಲ್ಲಿ ತೂಗುಹಾಕಿದ್ದ. ಗುಡ್ಡ ಕೊರೆದು ಮಾಡಿದ ಕೋಣೆಯಾದ್ದರಿಂದ ಗೋಡೆ ಮೇಲೆ ಹೋದಂತೆ ಒಳಕ್ಕೆ ಬಾಗುತ್ತದೆ. ಕಟ್ಟು ಗೋಡೆಗೆ ಅಂಟದೆ, ಬಂದವರಿಗೆಲ್ಲ ನಮಸ್ಕಾರ ಮಾಡುವಂತೆ ಬಗ್ಗಿ ನೇತಾಡುತ್ತಿತ್ತು. ಎಲಾದಿಯಾಗೆ ಅದನ್ನು ಕಂಡರಾಗದು. ಒಂದು ನಡಿಗೆಗೆ ಒಂದು ಪುಸ್ತಿಕೆ, ಅದು ಅವಳ ಶಿಸ್ತು. "ಜಾಗ ಸಾಲದಿದ್ರೆ ಎರಡನೇದು ತಗೊಳ್ಳಿ, ತಪ್ಪೇನಿಲ್ಲ," ಎಂದು ಯಾತ್ರಿಕರಿಗೆ ಹೇಳುತ್ತಿದ್ದಳು ನಿಜ. ಔಷಧ ಅಷ್ಟೇನೂ ಕಹಿಯಿಲ್ಲ ಎಂದು ಮಕ್ಕಳಿಗೆ ಹೇಳುತ್ತಿದ್ದದ್ದೂ ಅದೇ ದನಿಯಲ್ಲಿ.

"ಎಲ್ಲರಿಗೂ ಅಳೆದು ಕೊಡ್ತೀಯ," ಎಂದ ತೊರ್ಕ್ವಾತೊ, ಫೆರ್ಮಿನ್ ಹೋದ ಮೇಲೆ. "ನೀನು ನಡೆದಿರೋದು ಮಾತ್ರ ತರಕಾರಿ ಸಂತೆವರೆಗೆ."

"ಸೋಮವಾರ ಹೊರಡ್ತಿದೀನಿ."

"ಎಲ್ಲಿಗೆ, ಸಂತೆಗಾ?"

"ಸಾಂತಿಯಾಗೊಗೆ. ಅರವತ್ತೊಂಬತ್ತಾಯ್ತು, ಇನ್ನು ತಡ ಮಾಡಿದ್ರೆ ಮಂಡಿ ಒಪ್ಪಲ್ಲ."

ತೊರ್ಕ್ವಾತೊನ ಕೈಯ ಕಡಲೆಕಾಯಿ ಅಲ್ಲೇ ನಿಂತಿತು. ಎಲಾದಿಯಾ ನೋಟ್‌ಬುಕ್ ತೆಗೆದು ಗಟ್ಟಿಯಾಗಿ ಓದಿದಳು. ದಿನಕ್ಕೆ ಇಪ್ಪತ್ತು ಕಿಲೋಮೀಟರ್, ಅರವತ್ತನಾಲ್ಕು ದಿನ, ಅರವತ್ತನಾಲ್ಕು ಮುದ್ರೆ. ಕೊನೆಯ ಐದು ದಿನಕ್ಕೆ ಹೆಚ್ಚುವರಿ ಐದು. ಹೊರಡುವಾಗ ಊರ ಚರ್ಚಿನದ್ದು ಒಂದು, ಮುಟ್ಟಿದಾಗ ಒಂದು. ಎಪ್ಪತ್ತೊಂದು. ಮಳೆ, ಜ್ವರ, ದಾರಿ ತಪ್ಪುವುದು ಇವಕ್ಕೆಲ್ಲ ನೂರಕ್ಕೆ ಹತ್ತರಂತೆ ಏಳು.

"ಎಪ್ಪತ್ತೆಂಟು," ಎಂದು ಅವಳು ನೋಟ್‌ಬುಕ್ ಮುಚ್ಚಿದಳು. "ಎಂಬತ್ತು ಚೌಕದ್ದು ಸಾಕು."

"ದೊಡ್ಡದು ತಗೊಳ್ಳೇ ಮಾರಾಯ್ತಿ. ಖಾಲಿ ಉಳಿದ್ರೆ ಏನು, ಅನ್ನ ಕೇಳುತ್ತಾ?"

"ಸೀಸೆಯಲ್ಲಿ ಔಷಧ ಉಳೀತು ಅಂದ್ರೆ ಕೊಟ್ಟವರ ಲೆಕ್ಕ ತಪ್ಪಿದೆ ಅಂತ ಅರ್ಥ."

"ತಪ್ಪಿದ್ರೆ?"

ಇಲ್ಲಿ ಎಲಾದಿಯಾ ಒಂದು ಮಾತು ಹೆಚ್ಚು ಆಡಿದಳು. "ಎರಡನೇ ಪುಸ್ತಕ ಮುಟ್ಟಿದ್ರೆ ಈ ಬೀಗದ ಕೈ ನಿಂದು. ಮುಟ್ಟದೆ ಬಂದ್ರೆ ನಿನ್ನ ಆ ಕಟ್ಟು ಕೆಳಗಿಳೀಬೇಕು."

ಆಡಿಬಿಟ್ಟ ಮೇಲೆ ಅವಳ ಕೈ ಕೊರಳಿಗೆ ಹೋಯಿತು. ತೊರ್ಕ್ವಾತೊ ಆ ಮೇಜಿಗೆ ಕೂತರೆ ಏನಾಗುತ್ತದೆಂದು ಅವಳಿಗೆ ಗೊತ್ತು: ಕೈಗೆ ಸಿಕ್ಕ ಪುಸ್ತಿಕೆ, ಒಂದು ಜೋಕು, ಮುಂದಿನವರು ಬನ್ನಿ. ಮಂಡಿಯ ಬಗ್ಗೆ ಕೇಳುವವರಿಲ್ಲ. ಗುರುವಾರ ಸಂಜೆ ಅವಳಿಗೆ ಹೋಗಲು ಬೇರೆ ಜಾಗವೂ ಇರಲಿಲ್ಲ.

ಸೋಮವಾರ ಅವಳು ಹೊರಟಳು. ಮೊದಲ ವಾರ ಲೆಕ್ಕ ಗಡಿಯಾರದಂತೆ ನಡೆಯಿತು: ಏಳು ರಾತ್ರಿ, ಹೊರಟದ್ದೂ ಸೇರಿ ಎಂಟು ಮುದ್ರೆ. ದಾರಿಯಲ್ಲಿ ಕಾಫಿ ಮುಟ್ಟಲಿಲ್ಲ; ಮನೆಯಲ್ಲೇ ಒಣಗಿಸಿದ ಅಂಜೂರ, ಒಂದು ತುಂಡು ಬ್ರೆಡ್, ಆಲಿವ್ ಎಣ್ಣೆಯ ಪುಟ್ಟ ಸೀಸೆ. ಕೇಳಿದ್ದಕ್ಕಷ್ಟೇ ಉತ್ತರ.

ಒಂಬತ್ತನೆಯ ದಿನ ಒಂದು ಛತ್ರದ ಬಾಗಿಲಲ್ಲಿ ಅವಳಿಗಾಗಿ ಮೂವರು ಕಾದಿದ್ದರು: ಛತ್ರದವನು, ಬ್ರೆಡ್ ಅಂಗಡಿಯವಳು, ಊರಿನ ನರ್ಸು. "ಹಾಸಿಗೆ ಇದೆಯಾ?" ಎಂದು ಅವಳು ಕೇಳಿದ್ದೇ ತಡ, ಬ್ರೆಡ್ ಅಂಗಡಿಯವಳು ಕೈ ತಟ್ಟಿದಳು.

"ಅದೇ ದನಿ! ಗ್ವಾದಿಸ್‌ನ ಗುರುವಾರದವಳು ಇವಳೇ! ಹೆಬ್ಬೆರಳು ಬಾತವನಿಗೆ ಉಪ್ಪುನೀರು ಕಾಯಿಸಿ ಕೊಟ್ಟದ್ದು ನಾನೇ ಕಣಮ್ಮ, ನೆನಪಿದ್ಯಾ?"

"ನೆನಪಿದೆ. ಆದರೆ ಪುಸ್ತಕದಲ್ಲಿ ಜಾಗ..."

ಅಷ್ಟರಲ್ಲಿ ಅಂಗಡಿಯ ಮುದ್ರೆ ಬಿದ್ದಾಗಿತ್ತು. ನರ್ಸು ಆಸ್ಪತ್ರೆಯದನ್ನೇ ತಂದಿದ್ದಳು. ಹತ್ತೊಂಬತ್ತು ವರ್ಷ ಫೋನಿನಲ್ಲಿ ಉಪಕಾರ ಕೇಳಿದವಳು ಈಗ ಬೇಡ ಎನ್ನುವುದು ಹೇಗೆ? ಎಲಾದಿಯಾ ಪುಸ್ತಿಕೆ ಚಾಚಿ, ದೃಷ್ಟಿ ಬೇರೆ ಕಡೆ ಮಾಡಿದಳು. ಸೂಜಿ ಚುಚ್ಚಿಸಿಕೊಳ್ಳುವವರಿಗೆ ಅವಳು ಹೇಳುತ್ತಿದ್ದ ಉಪಾಯ ಅದು.

ಆಮೇಲೆ ಬಿಡುವಿಲ್ಲ. ಒಂದೂರಿನಲ್ಲಿ ಪಾದ್ರಿ, ಇನ್ನೊಂದರಲ್ಲಿ ಪಂಚಾಯಿತಿ ಕಾರಕೂನ. ಮೇರಿದಾ ಮುಟ್ಟುವ ಮುನ್ನ ಚೀಸ್ ಮಾಡುವವನೊಬ್ಬ ಮೇಕೆಯ ಚಿತ್ರದ ಮುದ್ರೆ ಹಿಡಿದು ರಸ್ತೆಗೇ ಬಂದಿದ್ದ. ಎಲಾದಿಯಾ ಅಳೆದು ನೋಡಿದಳು: ಅರವತ್ತೊಂದು ಮಿಲಿಮೀಟರ್. ಮೇಕೆಯ ಮುಂಗಾಲು ಒಂದು ಚೌಕದಲ್ಲಿ, ಬಾಲ ಮತ್ತೊಂದರಲ್ಲಿ.

"ಇದಕ್ಕಿಂತ ಸಣ್ಣ ಮೇಕೆ ಇಲ್ವಾಪ್ಪ?"

"ಮರಿ ಹಾಕಲಿ, ಮಾಡಿಸ್ತೀನಿ," ಎಂದ ಅವನು, ಚೀಸಿನ ಗಡ್ಡೆಯೊಂದನ್ನು ಅವಳ ಚೀಲಕ್ಕೆ ತುರುಕುತ್ತ.

ಸಮೋರಾ ಮುಟ್ಟುವಾಗ ನಲವತ್ತೈದು ಚೌಕ ತುಂಬಿರಬೇಕಿತ್ತು, ಅರವತ್ತೆರಡು ತುಂಬಿದ್ದವು. ನಡೆಯುವುದಕ್ಕೆ ಇನ್ನೂ ಇಪ್ಪತ್ತು ದಿನ, ಉಳಿದದ್ದು ಹದಿನೆಂಟು ಚೌಕ. ಅಲ್ಲಿನ ಛತ್ರದ ಯಜಮಾನಿ ಮಧ್ಯಾಹ್ನದ ಸೂಪು ಮುಂದಿಟ್ಟು ಹೇಳಿದಳು: "ಬೆಳ್ಳುಳ್ಳಿ ಹಾಕಿಲ್ಲ. ಆ ಕರ್ಕಶ ದನಿಯವನು ಹೇಳಿದ್ದ."

ಎಲಾದಿಯಾ ಚಮಚ ಕೆಳಗಿಟ್ಟಳು. "ಯಾರು?"

"ನಿಮ್ಮ ಬದಲು ಈಗ ಫೋನ್ ಮಾಡ್ತಾನಲ್ಲ, ಅವನು. ಎಡಮಂಡಿ, ಬೆಳ್ಳುಳ್ಳಿ ಆಗಲ್ಲ, ಜಂಭ ಜಾಸ್ತಿ, ಚೆನ್ನಾಗಿ ನೋಡ್ಕೊಳ್ಳಿ ಅಂದ. ಊರೋರಿಗೆಲ್ಲ ಹೇಳಿ ಅಂತಾನೂ ಅಂದ."

ಎಲಾದಿಯಾ ಅಂಗಳಕ್ಕೆ ಹೋಗಿ ಗ್ವಾದಿಸ್‌ಗೆ ಫೋನು ಹಚ್ಚಿದಳು.

"ಲೋ ತೊರ್ಕ್ವಾತೊ! ಯಾರು ಹೇಳಿದ್ರೋ ನಿಂಗೆ ಫೋನ್ ಮಾಡು ಅಂತ?"

"ನೀನೇ. ಇಲ್ಲಿಂದ ಯಾರೇ ಹೊರಟ್ರೂ ಮುಂದಿನ ಛತ್ರಕ್ಕೆ ಹೇಳಬೇಕು ಅನ್ನೋ ರೂಲು ಯಾರದ್ದು? ನಂದಾ?"

"ಅದು ಯಾತ್ರಿಕರಿಗೆ."

"ನೀನೇನು, ಪಾರ್ಸಲ್ಲಾ?"

ಎಲಾದಿಯಾ ಫೋನನ್ನು ಇನ್ನೊಂದು ಕಿವಿಗೆ ಬದಲಿಸಿದಳು. "ನನ್ನ ಪುಸ್ತಕ ತುಂಬಿಸೋಕೆ ಮಾಡಿದ್ದು ಇದು. ಮೋಸ."

"ಅರ್ಧ," ಎಂದು ಅವನು ಒಪ್ಪಿಕೊಂಡ. "ಇನ್ನರ್ಧ ನಿನ್ನ ಮಂಡಿಗೆ. ಹೇಗಿದೆ?"

"...ಊದಿಲ್ಲ."

"ಹಾಗಾದ್ರೆ ಇವತ್ತಿಂದ ಊರೋರಿಗೆ ಹೇಳಿ ಅನ್ನೋ ಮಾತು ಬಿಡ್ತೀನಿ. ಛತ್ರಕ್ಕೆ ಮಾತ್ರ ಮಾಡ್ತೀನಿ. ಮುಂದೆ ಗುಡ್ಡ ಇದೆ, ನಿಧಾನ ಹತ್ತು."

ಫೋನಿಟ್ಟ ಮೇಲೆ ಎಲಾದಿಯಾ ಆಲಿವ್ ಮರದ ಕಟ್ಟೆಯ ಮೇಲೆ ನೋಟ್‌ಬುಕ್ ಬಿಡಿಸಿದಳು. ಲೆಕ್ಕದಲ್ಲಿ ಮಳೆ ಇತ್ತು, ಜ್ವರ ಇತ್ತು, ದಾರಿ ತಪ್ಪುವುದೂ ಇತ್ತು. ತನಗಾಗಿ ಯಾರಾದರೂ ಫೋನು ಮಾಡಬಹುದು ಎಂಬುದೊಂದು ಇರಲಿಲ್ಲ. ಸೂಪು ಆರಿಹೋಗುವವರೆಗೂ ಅವಳು ಆ ಪುಟ ನೋಡುತ್ತ ಕೂತಿದ್ದಳು.

ಔರೆನ್ಸೆ ಮುಟ್ಟುವ ಹದಿನಾಲ್ಕು ದಿನದಲ್ಲಿ ತಂಗಿದ ಮುದ್ರೆಗಳ ಜೊತೆಗೆ ಹೆಚ್ಚಾದದ್ದು ಮೂರೇ. ಆದರೂ ಎಪ್ಪತ್ತೊಂಬತ್ತಾಯಿತು. ಉಳಿದದ್ದು ಒಂದು ಚೌಕ, ಬೇಕಾದದ್ದು ಹನ್ನೆರಡು.

ಅಲ್ಲಿನ ಛತ್ರದವನು ತುಂಬ ಒಳ್ಳೆಯವನು. "ಹಿಂಬದಿ ಖಾಲಿ ಇದೆಯಲ್ಲ, ಮುಂದಿನದೆಲ್ಲ ಅಲ್ಲೇ ಒತ್ತಿಸ್ಕೊಳ್ಳಿ. ಯಾರು ಕೇಳ್ತಾರೆ?"

ಹಿಂಬದಿಯಲ್ಲಿ ಒತ್ತಿಸಿದರೆ ಎರಡನೆಯ ಪುಸ್ತಿಕೆ ಮುಟ್ಟಿದಂತಾಗುವುದಿಲ್ಲ. ಬೀಗದ ಕೈ ಕೊರಳಲ್ಲೇ ಉಳಿಯುತ್ತದೆ. ಎಲಾದಿಯಾ ಪುಸ್ತಿಕೆ ಮಗುಚಿ ನೋಡಿದಳು. ಹಿಂಬದಿಯಲ್ಲಿ ಹೆಸರು ಮತ್ತು ನಿಯಮಗಳಿದ್ದವು, ಅವುಗಳ ಕೆಳಗೆ ಹನ್ನೆರಡಲ್ಲ, ಹದಿನೈದು ಮುದ್ರೆಗಾಗುವಷ್ಟು ಜಾಗ. ಹೀಗೆ ಮಾಡಿದವರನ್ನು ತಾನು ಹತ್ತೊಂಬತ್ತು ವರ್ಷ ಬೈದದ್ದು ಅವಳಿಗೆ ನೆನಪಾಯಿತು. ಹೆಸರು ಹೆಸರಾಗಿ ನೆನಪಾಯಿತು.

"ಹೊಸದೊಂದು ಕೊಡಿ," ಎಂದಳು.

"ಸಣ್ಣದಾ, ದೊಡ್ಡದಾ?"

"ಕೈಗೆ ಸಿಕ್ಕಿದ್ದು."

ಚೌಕ ಎಣಿಸದೆ ಅವಳು ಪುಸ್ತಿಕೆ ಮುಟ್ಟಿದ್ದು ಅದೇ ಮೊದಲು. ಆ ರಾತ್ರಿಯ ಮುದ್ರೆ ಆಗಲೇ ಹಳೆಯದರ ಎಪ್ಪತ್ತೊಂಬತ್ತನೆಯ ಚೌಕದಲ್ಲಿ ಬಿದ್ದಿತ್ತು; ಎಂಬತ್ತನೆಯದನ್ನು ಅವಳು ಬೇಕೆಂದೇ ಖಾಲಿ ಬಿಟ್ಟಳು.

ಮೇ ತಿಂಗಳ ಎರಡನೆಯ ಗುರುವಾರ ಅವಳು ಸಂಘದ ಕೋಣೆಗೆ ಬಂದಾಗ ಮೇಜಿನ ಮುಂದೆ ಐದು ಜನರ ಸಾಲಿತ್ತು. ತೊರ್ಕ್ವಾತೊ ಹುಬ್ಬುಗಂಟಿಕ್ಕಿ ಯಾರದ್ದೋ ಮಂಡಿ ಒತ್ತಿ ನೋಡುತ್ತಿದ್ದ. ಎಲಾದಿಯಾ ಎರಡು ಪುಸ್ತಿಕೆ ಮೇಜಿನ ಮೇಲಿಟ್ಟಳು. ಕೊರಳಿನಿಂದ ಬೀಗದ ಕೈ ತೆಗೆದು ಅವುಗಳ ಪಕ್ಕದಲ್ಲಿಟ್ಟಳು.

ಹೊರಡುವ ದಿನ ಡಬ್ಬಿಗೆ ಬೀಗ ಹಾಕಿ, ಬೀಗದ ಕೈಯನ್ನು ಕೊರಳಲ್ಲೇ ಇಟ್ಟುಕೊಂಡು ಹೋಗಿದ್ದಳು. ಈ ಹತ್ತು ವಾರ ತೊರ್ಕ್ವಾತೊ ಪುಸ್ತಿಕೆಗಳನ್ನು ಬೇರೆ ಸಂಘದಿಂದ ಬೇಡಿ ತಂದು, ಒಂದು ಶೂ ಪೆಟ್ಟಿಗೆಯಲ್ಲಿಟ್ಟು ಹಂಚಿದ್ದ.

"ನೀನು ಮೋಸ ಅಂದಿದ್ದೆ," ಎಂದ ಅವನು.

"ಅರ್ಧ. ಇನ್ನರ್ಧಕ್ಕೆ ಇದು." ಅವಳು ಹಳೆಯ ಪುಸ್ತಿಕೆ ಬಿಡಿಸಿ ಖಾಲಿ ಚೌಕ ತೋರಿಸಿದಳು. "ಇದಕ್ಕೆ ನಮ್ಮ ಸಂಘದ್ದು ಒತ್ತು. ಫೋನ್ ಮಾಡಿದವರದ್ದೇ ಬಾಕಿ ಉಳಿದಿತ್ತು."

ತೊರ್ಕ್ವಾತೊ ಒಂದು ಕ್ಷಣ ಮುದ್ರೆಯನ್ನೇ ಹುಡುಕುವವನಂತೆ ಮೇಜಿನ ಕೆಳಗೆ ಬಗ್ಗಿದ್ದ. ಎದ್ದು ಬಲವಾಗಿ ಒತ್ತಿದ. ತಲೆಕೆಳಗಾಗಿ ಬಿತ್ತು.

ಬೀಗದ ಕೈ ಈಗ ಅವನ ಕೊರಳಲ್ಲಿದೆ. ಗುರುವಾರ ಆರಕ್ಕೆ ಅವನು ಬಂದು ಡಬ್ಬಿ ತೆರೆದು, ಮೂಲೆಯ ಕುರ್ಚಿಗೆ ಹೋಗಿ ಕಡಲೆಕಾಯಿ ಬಿಡಿಸುತ್ತ ಕೂರುತ್ತಾನೆ. ಮೇಜಿಗೆ ಎಲಾದಿಯಾಳೇ. ಮೂರು ಪ್ರಶ್ನೆ ನಾಲ್ಕಾಗಿವೆ: "ನಿನಗೋಸ್ಕರ ಫೋನ್ ಮಾಡೋರು ಯಾರಾದ್ರೂ ಇದಾರಾ?" ಇದ್ದಾರೆ ಎಂದವರಿಗೆ ಒಂದು ಅಳತೆ ದೊಡ್ಡದು. ಇಲ್ಲ ಎಂದವರಿಗೂ ದೊಡ್ಡದೇ, ಏಕೆಂದರೆ ಅವರಿಗಾಗಿ ಅವಳು ಮಾಡುತ್ತಾಳೆ.

ಆದರೂ ಹಳೆಯ ಚಾಳಿ ಪೂರ್ತಿ ಹೋಗಿಲ್ಲ. ಕೆಲವೊಮ್ಮೆ ಅಳತೆಪಟ್ಟಿ ಹಿಡಿದು, "ನಿನಗೆ ಐವತ್ತೆರಡು, ಒಂದೂ ಹೆಚ್ಚಿಲ್ಲ ಕಮ್ಮಿಯಿಲ್ಲ," ಎಂದು ಗದರುತ್ತಾಳೆ. ಆಗ ತೊರ್ಕ್ವಾತೊ ಕಡಲೆಕಾಯಿ ಕೆಳಗಿಡುತ್ತಾನೆ. ಎದ್ದು ಬಂದು ಡಬ್ಬಿಯ ಮುಚ್ಚಳವನ್ನು ಅವಳ ಕಡೆಗೆ ತಿರುಗಿಸುತ್ತಾನೆ. ಒಳಗೆ ಕೆಂಪು ಶಾಯಿಯಲ್ಲಿ, ಅವನ ಸೊಟ್ಟ ಅಕ್ಷರದಲ್ಲಿ ಬರೆದಿದೆ: ಎಪ್ಪತ್ತೆಂಟು.