ಹಂಪಿಯಲ್ಲಿ ನೆಟ್‌ವರ್ಕ್ ಇಲ್ಲದ ಹೊತ್ತು

ಮಗಳ ತೋಳಿಗೆ ಮೊದಲ ಸಲ ಸೆನ್ಸರ್ ಅಂಟಿಸಿದ ದಿನ ನನ್ನ ಎದೆ ಹಗುರಾಗಿತ್ತು. ಎರಡನೇ ಕ್ಲಾಸಿನಲ್ಲಿದ್ದಾಗಲೇ ಅವಳಿಗೆ ಸಕ್ಕರೆ ಕಾಯಿಲೆ ಬಂದಿತ್ತು. ಚುಚ್ಚಿ ಚುಚ್ಚಿ ಅವಳ ಬೆರಳ ತುದಿಗಳು ಒರಟಾಗಿದ್ದವು. ಈಗ ನಾಣ್ಯದಷ್ಟಗಲದ ಬಿಲ್ಲೆಯೊಂದು ಶುಗರ್ ಅಳೆದು ಅವಳ ಫೋನಿಗೆ ಕಳಿಸುತ್ತಿತ್ತು. ಅಲ್ಲಿಂದ ನನ್ನ ಫೋನಿಗೂ ಬರುತ್ತಿತ್ತು. ಅವಳು ನಮ್ಮೂರು ಹೊಸಪೇಟೆಯ ಶಾಲೆಯಲ್ಲಿ, ನಾನು ಸಂಡೂರಿನಲ್ಲಿ ಅದಿರು ಲಾರಿಗಳನ್ನು ತೂಗುವ ಆಫೀಸಿನಲ್ಲಿ. ನಡುವಿನ ಗುಡ್ಡಗಳೆಲ್ಲ ಕರಗಿಹೋದಂತೆ ಅನಿಸಿತ್ತು.

ಆದರೆ ಬರಬರುತ್ತ ನಾನು ಕಾವಲುಗಾರ್ತಿಯಾದೆ. ಸಂಖ್ಯೆ ಏರಿದರೆ ಸಾಕು, ಊಟದ ಬಿಡುವಿನಲ್ಲಿ ಫೋನ್ ಮಾಡುತ್ತಿದ್ದೆ. "ಏನ್ ತಿಂದಿ?" ಅವಳು ಹೇಳುತ್ತಿದ್ದಳು. ನಾನು ಅರ್ಧ ನಂಬುತ್ತಿದ್ದೆ.

ಏಳನೇ ಕ್ಲಾಸಿನವರನ್ನು ಹಂಪಿಗೆ ಕರೆದೊಯ್ದ ದಿನ, ನಾನಿಲ್ಲದೆ ಅವಳು ಮೊದಲ ಬಾರಿಗೆ ಗೆಳತಿಯರೊಂದಿಗೆ ಹೊರಟಿದ್ದಳು. ಮಧ್ಯಾಹ್ನದ ಹೊತ್ತಿಗೆ ನನ್ನ ಫೋನಿನಲ್ಲಿ ಸಂಖ್ಯೆ ನಿಂತುಹೋಯಿತು. ಬಂಡೆಗಳ ನಡುವೆ ನೆಟ್‌ವರ್ಕ್ ಸಿಗುವುದಿಲ್ಲ ಎಂದು ಗೊತ್ತಿದ್ದರೂ ಕೆಲಸದಲ್ಲಿ ಮನಸ್ಸಿರಲಿಲ್ಲ. ಮತ್ತೆ ಬಂದಾಗ ಶುಗರ್ ಜೋರಾಗಿ ಏರುತ್ತಿತ್ತು. ತಕ್ಷಣ ಕರೆ ಮಾಡಿದೆ.

"ಏನ್ ತಿಂದಿ? ನಿಜ ಹೇಳು."

"ಜ್ಯೂಸ್ ಕುಡ್ದೆ ಅಮ್ಮ, ಯಾಕಂದ್ರ..."

"ನಾ ಇಲ್ಲಂದ್ರ ಹಿಂಗ ಮಾಡ್ತಿಯೇನು? ಇನ್ಮ್ಯಾಲೆ ಎಲ್ಲಿಗೂ ಕಳ್ಸಂಗಿಲ್ಲ!"

ಆಫೀಸಿನವರು ತಿರುಗಿ ನೋಡುವಷ್ಟು ಜೋರಾಗಿ ಬೈದೆ. ಆಮೇಲೆ ಬೇರೊಂದು ದನಿ ಕೇಳಿತು, ಅವಳ ಗೆಳತಿಯದು.

"ಆಂಟಿ, ಬೈಬ್ಯಾಡ್ರಿ. ಅಕಿಗೆ ಕೈಕಾಲು ನಡುಗಾಕತ್ತಿದ್ವು, ಭಾಳ ಬೆವರಿದ್ಲು. ಶುಗರ್ ಇಳಿದೈತಿ ಅಂತ ಅಕೀನ ಹೇಳಿ ಜ್ಯೂಸ್ ಕುಡಿದ್ಲು. ಮಿಸ್ ಬಾಜುಕ ಕುಂತಿದ್ರು. ಈಗ ಆರಾಮದಾಳ."

ನಾನು ಫೋನ್ ಇಟ್ಟೆ. ಸ್ವಲ್ಪ ಹೊತ್ತಿಗೆ ನೆಟ್‌ವರ್ಕ್ ಇಲ್ಲದಾಗ ಬಿಟ್ಟುಹೋಗಿದ್ದ ಶುಗರಿನ ಗೆರೆಯೂ ಪರದೆಯ ಮೇಲೆ ಬಂತು. ನಡುವೆ ಕಡಿದಾಗಿ ಕೆಳಗಿಳಿದಿತ್ತು. ಅಷ್ಟು ದೂರದಲ್ಲಿ, ಮೈ ನಡುಗುತ್ತಿದ್ದಾಗಲೂ, ಶುಗರ್ ಇಳಿದರೆ ಸಿಹಿ ಕುಡಿಯಬೇಕೆಂದು ನಾನು ಕಲಿಸಿದ್ದನ್ನೇ ನೆನಪಿಟ್ಟುಕೊಂಡು ಅವಳು ತನ್ನನ್ನು ತಾನು ಉಳಿಸಿಕೊಂಡಿದ್ದಳು. ಅದಕ್ಕೇ ನಾನು ಗೆಳತಿಯರ ಎದುರು ಅವಳನ್ನು ಬೈದಿದ್ದೆ.

ಸಂಜೆ ಮನೆಗೆ ಬಂದವಳು ಬಾಗಿಲಲ್ಲೇ ಚಪ್ಪಲಿ ಬಿಟ್ಟು ಒಳಗೆ ಹೋದಳು. ಪಕ್ಕದಲ್ಲಿ ಕೂತು "ತಪ್ಪಾತು" ಎಂದೆ.

"ಹೆಂಗದಿ ಅಂತ ಕೇಳ್ಬೇಕಿತ್ತಲ್ಲ ಅಮ್ಮ," ಎಂದಳು. ಸಿಟ್ಟಿನಿಂದಲ್ಲ, ದಣಿದ ದನಿಯಲ್ಲಿ. ನನ್ನ ಕಣ್ಣೆದುರೇ ಫೋನ್ ತೆಗೆದು, ನನಗೆ ಸಂಖ್ಯೆ ಬರುವುದನ್ನು ನಿಲ್ಲಿಸಿದಳು.

ಆಮೇಲಿನ ದಿನಗಳಲ್ಲಿ ಸಂಡೂರಿನ ಬಸ್ಸಿನಲ್ಲಿ ಕೂತು ಖಾಲಿ ಪರದೆ ನೋಡುತ್ತಿದ್ದೆ. ಹೆದರಿಕೆಗಿಂತ ನಾಚಿಕೆಯೇ ಹೆಚ್ಚಾಗಿತ್ತು. ಸಂಜೆ ಅವಳೇ ಬಂದು ದಿನದ ಏರಿಳಿತ ಹೇಳುತ್ತಿದ್ದಳು. ನಾನು ಮಧ್ಯೆ ಬಾಯಿ ಹಾಕದೆ ಕೇಳಲು ಕಲಿಯುತ್ತಿದ್ದೆ.

ದಸರಾ ರಜೆಗೆ ಕಂಪ್ಲಿಯ ಅಜ್ಜಿಯ ಮನೆಗೆ ಹೊರಡುವಾಗ ನನ್ನ ಫೋನ್ ಕೇಳಿ ಇಸಿದುಕೊಂಡಳು.

"ನಿಂಗ ಶುಗರ್ ಕಾಣಂಗ ಮತ್ತ ಹಚ್ಚೀನಿ. ಭಾಳ ಇಳಿದ್ರ ಅಷ್ಟ ಅಲಾರಂ ಬಡ್ಕೊಂತತಿ. ಏರಿದ್ದು ನಾ ನೋಡ್ಕೊಂತೀನಿ."

ಒಪ್ಪಿದೆ. ಆದರೂ ಒಂದು ಲಾರಿ ಹೋಗಿ ಇನ್ನೊಂದು ಬರುವ ನಡುವಿನ ಬಿಡುವಿನಲ್ಲಿ ಫೋನ್ ತೆರೆದು ಅವಳ ಸಂಖ್ಯೆ ನೋಡುತ್ತೇನೆ. ಅವಳಿಗೆ ಇನ್ನೂ ಹೇಳಿಲ್ಲ.