ಮೂರು ಅಂಚಿನ ಕೌದಿ

ಯಲಹಂಕದ ನಮ್ಮ ಮನೆಯ ಮಹಡಿ ಕೋಣೆಯಲ್ಲಿ ನಾನು ಕೌದಿ ಹೊಲಿಯುವುದನ್ನು ಕಲಿಸುತ್ತೇನೆ. ಹೊರಗಿನ ಬೋರ್ಡಿನಲ್ಲಿ ಕ್ವಿಲ್ಟಿಂಗ್ ಎಂದಿದೆ. ಕೌದಿ ಎಂದು ಬರೆಸಿದ್ದಾಗ ಯಾರೂ ಮೆಟ್ಟಿಲು ಹತ್ತಿರಲಿಲ್ಲ. ಎದುರು ಮನೆಯ ಹಿರಿಯರು ಹಾಲು ತರಲು ಹೋಗುವಾಗ ಇಂದಿಗೂ ಗೇಟಿನ ಬಳಿ ನಿಂತು, "ಕೌದಿ ಹೊಲಿಯೋಕೂ ಟ್ಯೂಷನ್ನೇನಮ್ಮಾ?" ಎಂದು ವಿಚಾರಿಸುತ್ತಾರೆ. ಹೌದು ಎನ್ನುತ್ತೇನೆ. ಅವರು ಕಾಲದ ಗತಿಗೆ ತಲೆಯಾಡಿಸಿ ಮುಂದೆ ಹೋಗುತ್ತಾರೆ. ಈ ಸಂವಾದ ನಮ್ಮಿಬ್ಬರ ನಿತ್ಯಕರ್ಮದಲ್ಲಿ ಸೇರಿಹೋಗಿದೆ.

ವಿನ್ಯಾಸಗಳನ್ನೂ ನಾನೇ ಬರೆಯುತ್ತೇನೆ. ಬಹುಪಾಲು ಹೆಬ್ಬಾಳದ ಮೇಲ್ಸೇತುವೆಯ ಕೃಪೆ. ಅಲ್ಲಿ ಬಸ್ಸು ನಿಂತಿತೆಂದರೆ ಒಂದು ನಮೂನೆಯನ್ನು ಬರೆದು, ಅಳಿಸಿ, ಮತ್ತೆ ಬರೆಯುವಷ್ಟು ಪುರುಸೊತ್ತು ಸಿಗುತ್ತದೆ. ಈಚೆಗೆ ಬರೆಯುವುದಕ್ಕಿಂತ ಕಿಟಕಿಗೆ ತಲೆಯಾನಿಸಿ ಕೂರುವುದೇ ಹೆಚ್ಚಾಗಿದೆ. ಕಣ್ಣು ಬೇಗ ಸೋಲುತ್ತದೆ. ಸಂಜೆಯ ಹೊತ್ತಿಗೆ ಹೆಬ್ಬೆರಳ ಬುಡ ಮುಷ್ಕರ ಹೂಡುತ್ತದೆ. ಬಟ್ಟೆಯನ್ನು ಮೊದಲು ಒಗೆದು ಆಮೇಲೆ ಕತ್ತರಿಸಿ ಎಂದು ಪ್ರತಿ ತಂಡಕ್ಕೂ ಹೇಳಿ ಹೇಳಿ, ನನ್ನ ದನಿ ನನಗೇ ಬೇಸರವಾಗಿದೆ.

ಹೋದ ತಂಡದಲ್ಲಿ ಜಾಲಹಳ್ಳಿಯಿಂದ ಒಬ್ಬರು ಬರುತ್ತಿದ್ದರು. ಅವರ ಯಜಮಾನರು ಕಾರ್ಖಾನೆಯಿಂದ ನಿವೃತ್ತರಾದವರು. ಇವರು ಕೈ ಸುಮ್ಮನಿಟ್ಟುಕೊಂಡು ಕೂತದ್ದನ್ನು ನಾನು ನೋಡಿಲ್ಲ. ಪಾಠ ಕೇಳುವಾಗಲೂ ಮೇಜಿನ ಮೇಲಿನ ತುಂಡು ದಾರಗಳನ್ನು ಸುತ್ತಿ ಉಂಡೆ ಮಾಡುತ್ತಿದ್ದರು. ಯಶವಂತಪುರದಲ್ಲಿದ್ದ ಮಗಳು ಬಸುರಿ. ಹುಟ್ಟುವ ಮಗುವಿಗೆ ಪುಟ್ಟ ಕೌದಿ ಹೊಲಿಯಬೇಕೆಂದೇ ಸೇರಿದ್ದರು. ಎಳೆಗೂಸಿಗೆ ಹೊಸ ಬಟ್ಟೆ ಆಗದೆಂದು, ಒಗೆದೊಗೆದು ಬೆಣ್ಣೆಯಂತಾದ ತಮ್ಮ ಹಳೆಯ ನೂಲಿನ ಸೀರೆಗಳನ್ನೇ ತಂದಿದ್ದರು.

ಕೆಲಸ ಚೆನ್ನಾಗಿಯೇ ಸಾಗಿತು. ಅಂಚಿನ ಪಟ್ಟಿಯನ್ನು ಮೂರು ಕಡೆ ಹಾಕಿ, ನಾಲ್ಕನೆಯ ಕಡೆಗೆ ಬಂದಾಗ ಸೂಜಿ ಕೆಳಗಿಟ್ಟರು. ಅದಿಷ್ಟು ಹಾಗೇ ಇರಲಿ, ಮಗು ಬಂದ ಮೇಲೆ ಹಾಕುತ್ತೇನೆ ಎಂದರು.

ಅಂಚು ಕಟ್ಟದ ಕೌದಿ ಕೌದಿಯಲ್ಲ, ತುಂಡು ಬಟ್ಟೆಗಳ ತಾತ್ಕಾಲಿಕ ಸಭೆ ಎಂಬುದು ತರಗತಿಯಲ್ಲಿ ನನ್ನ ಖಾಯಂ ಭಾಷಣ. ಅದನ್ನು ಶುರುಮಾಡಿದೆ. ಅವರು ಪೂರ್ತಿ ಕೇಳಿಸಿಕೊಂಡು, ಆಮೇಲೆ ಮೆಲ್ಲಗೆ ಕಾರಣ ಹೇಳಿದರು. ಹುಟ್ಟುವ ಮೊದಲು ಮಗುವಿನದೆಂದು ಏನನ್ನೂ ಸಿದ್ಧ ಮಾಡಿಡಬಾರದು ಎನ್ನುವುದು ಎರಡೂ ಮನೆಯ ಪದ್ಧತಿ. ಹಿಂದಿನ ಸಲ ಇವರು ಕೈ ತಡೆಯದೆ ಟೋಪಿ, ಸ್ವೆಟರು, ಕಾಲುಚೀಲ ಎಲ್ಲ ಹೆಣೆದಿಟ್ಟಿದ್ದರು. ಆರನೆಯ ತಿಂಗಳಲ್ಲಿ ಬಸಿರು ಕಳೆದುಹೋಯಿತು. ಬೀಗಿತ್ತಿಯವರು ಜಗಳವಾಡಲಿಲ್ಲವಂತೆ. ಕಾಫಿ ಲೋಟ ಮುಂದಿಡುತ್ತಾ, "ನಿಮ್ ಕೈ ಸ್ವಲ್ಪ ಅವಸರ ಕಣ್ರೀ" ಎಂದರಂತೆ, ಅಷ್ಟೇ.

"ಅರ್ಧ ಇದ್ರೆ ಸಿದ್ಧ ಮಾಡ್ದಂಗಾಗಲ್ಲ, ಅಲ್ವಾ ಮೇಡಂ?"

ಶಾಸ್ತ್ರ ನನಗೆ ತಿಳಿಯದು. ಆಗಲ್ಲ ಎಂದೆ.

ತಂಡ ಮುಗಿದಾಗ ಬಡಾವಣೆಯ ಸಭಾಂಗಣದಲ್ಲಿ ಒಂದು ಸಣ್ಣ ಪ್ರದರ್ಶನ ಇಡುವುದು ನಮ್ಮ ರೂಢಿ. ಆ ವಾರ ನಾನು ಜ್ವರ ಹಿಡಿದು ಮಲಗಿದ್ದೆ. ಸಿದ್ಧತೆಯನ್ನೆಲ್ಲ ಆರ್.ಟಿ. ನಗರದ ನನ್ನ ಹಳೆಯ ಶಿಷ್ಯೆಗೆ ಒಪ್ಪಿಸಿದ್ದೆ. ಆಕೆ ಮನೆಯಲ್ಲಿ ಉರ್ದು, ನನ್ನೊಡನೆ ಕನ್ನಡ ಆಡುತ್ತಾಳೆ. ಹೊಲಿಗೆ ಯಂತ್ರವನ್ನು ಎರಡರಲ್ಲೂ ಬೈಯುತ್ತಾಳೆ. ಕೌದಿಗಳನ್ನು ಜೋಡಿಸುವಾಗ ಒಂದರ ಅಂಚು ಬಾಯಿ ಬಿಟ್ಟಿದ್ದು ಆಕೆಯ ಕಣ್ಣಿಗೆ ಬಿತ್ತು. ಹೊಲಿಯುವವರ ಕುಲಕ್ಕೇ ಅಂಟಿದ ದೌರ್ಬಲ್ಯವಿದು: ತೆರೆದ ಅಂಚು ಕಂಡರೆ, ಯಾರದು, ಏಕೆ ಬಿಟ್ಟಿದೆ ಎಂದು ಕೇಳುವಷ್ಟು ತಾಳ್ಮೆ ಯಾರಿಗೂ ಇರುವುದಿಲ್ಲ. ಹೊಲಿದು ಮುಗಿಸಿಬಿಟ್ಟಳು.

ಪ್ರದರ್ಶನದ ಬೆಳಿಗ್ಗೆ ಜ್ವರ ಇಳಿದು ನಾನೂ ಸಭಾಂಗಣಕ್ಕೆ ಹೋದೆ. ಜಾಲಹಳ್ಳಿಯವರು ಹೆಬ್ಬಾಳದ ಕಡೆಯ ಆಸ್ಪತ್ರೆಯಿಂದ ನೇರವಾಗಿ ಬಂದರು. ಹಿಂದಿನ ದಿನ ಮಗಳನ್ನು ಅಲ್ಲಿ ಸೇರಿಸಿದ್ದರು. ಎಂಟನೆಯ ತಿಂಗಳು, ಬಿ.ಪಿ. ಏರಿತ್ತು. ವರಾಂಡದಲ್ಲಿ ಇವರು ಶತಪಥ ಹಾಕುವುದನ್ನು ನೋಡಲಾರದೆ ಅಳಿಯನೇ, ಸ್ವಲ್ಪ ಹೊರಗೆ ಹೋಗಿ ಬನ್ನಿ ಎಂದು ಕಳಿಸಿದ್ದನಂತೆ. ಬಂದವರು ತಮ್ಮ ಕೌದಿಯನ್ನು ಕಂಡರು. ನಾಲ್ಕನೆಯ ಅಂಚನ್ನು ಬೆರಳಿನಿಂದ ಒಮ್ಮೆ ಸವರಿದರು. ಮೂಲೆಯ ಮೇಲೆ ಬೆರಳು ನಿಂತಿತು. ಹತ್ತಿರದ ಕುರ್ಚಿಯಲ್ಲಿ ಕೂತುಬಿಟ್ಟರು.

ನಾನು ಶಿಷ್ಯೆಯನ್ನು ಪಕ್ಕಕ್ಕೆ ಕರೆದು, ಹಿಂದಿನ ಸಲದ ಕಥೆಯನ್ನೂ ಬೀಗಿತ್ತಿಯ ಮಾತನ್ನೂ ಹೇಳಿದೆ. ಆಕೆ ಸಣ್ಣ ಕತ್ತರಿ ತಂದು ಅವರ ಕಾಲ ಬಳಿ ನೆಲದ ಮೇಲೆ ಕೂತಳು.

"ಬಿಚ್ತೀನಿ ಆಂಟಿ, ಈಗ್ಲೇ ಬಿಚ್ತೀನಿ. ಅವಸರದ ಕೈ ನಂದು. ನಿಮ್ದಲ್ಲ."

ಅವಳದು ಎಳ್ಳುಕಾಳಿನಂಥ ಹೊಲಿಗೆ. ಅಂಥದ್ದನ್ನು ಹಾಕುವುದಕ್ಕಿಂತ ಬಿಚ್ಚುವುದು ನಿಧಾನ, ಅದೂ ಸವೆದ ಸೀರೆಯಲ್ಲಿ. ನಾನು ಇನ್ನೊಂದು ತುದಿ ಹಿಡಿದೆ. ಅಷ್ಟರಲ್ಲಿ ಮುಖ್ಯ ಅತಿಥಿಗಳು ಆಗಮಿಸಿ, ಶಾಲು ಹೊದ್ದು, ಕರಕುಶಲ ಕಲೆಯ ಉಜ್ವಲ ಭವಿಷ್ಯವನ್ನು ಕುರಿತು ಮಾತನಾಡಲಾರಂಭಿಸಿದರು. ಕುಶಲಕರ್ಮಿಗಳಾದ ನಾವು ಹಿಂದಿನ ಸಾಲಿನಲ್ಲಿ ತಲೆ ತಗ್ಗಿಸಿಕೊಂಡು, ಆಗಿದ್ದ ಕೆಲಸವನ್ನು ಬಿಚ್ಚುತ್ತಿದ್ದೆವು. ಜಾಲಹಳ್ಳಿಯವರು ಕಿತ್ತ ದಾರವನ್ನು ಬೆರಳಿಗೆ ಸುತ್ತುತ್ತಾ ಇದ್ದರು. ಕೊನೆಯ ಹೊಲಿಗೆ ಬಿಚ್ಚಿದ ಮೇಲೆ ಎದ್ದು, ಬರ್ತೀನಿ ಎಂದು ಆಸ್ಪತ್ರೆಗೆ ಹೊರಟರು. ಕೌದಿಯನ್ನು ಒಯ್ಯಲಿಲ್ಲ.

ಅದನ್ನು ಮೂರು ಅಂಚಿನಲ್ಲೇ ತೂಗುಹಾಕಿದೆವು. ನೋಡಲು ಬಂದ ಒಬ್ಬರು, ಫಿನಿಶಿಂಗ್ ಇನ್ನೂ ಚೆನ್ನಾಗಿರಬಹುದಿತ್ತು ಎಂದರು. ಒಪ್ಪಿಕೊಂಡೆ.

ಆಮೇಲೆ ಸುದ್ದಿಯಿಲ್ಲ. ಫೋನ್ ಮಾಡಿ ಕೇಳುವುದೂ ಅವಸರವೇ ಎನಿಸಿ ಶಿಷ್ಯೆಯೂ ನಾನೂ ತಡೆದುಕೊಂಡೆವು. ಕೌದಿ ನನ್ನ ಬೀರುವಿನಲ್ಲಿತ್ತು. ಬೇರೆ ಬಟ್ಟೆಗೆಂದು ಬಾಗಿಲು ತೆಗೆದಾಗಲೆಲ್ಲ ಆ ತೆರೆದ ಅಂಚಿನಿಂದ ಹತ್ತಿ ಇಣುಕುತ್ತಿತ್ತು. ಹೊಸ ತಂಡ ಬಂತು. ಬಟ್ಟೆ ಒಗೆಯುವ ಪಾಠವನ್ನು ಮೊದಲಿನಿಂದ ಹೇಳಿದೆ. ಹಿಂದೆಂದೂ ಅದು ಅಷ್ಟು ಉದ್ದ ಎನಿಸಿರಲಿಲ್ಲ.

ಒಂದು ಮಧ್ಯಾಹ್ನ ಪಾಠದ ನಡುವೆ ಫೋನ್ ಬಂತು. ಜಾಲಹಳ್ಳಿಯವರ ದನಿ ಒಡೆದಿತ್ತು, ನಿದ್ದೆಗೆಟ್ಟವರ ದನಿ.

"ಮೇಡಂ, ಆ ಅಂಚು ಹಾಕಿಸ್ಬಿಡಿ. ಮಗೂನ ಗಾಜಿನ ಪೆಟ್ಟಿಗೇಲಿಟ್ಟಿದ್ರು, ಈಗ ಪರ್ವಾಗಿಲ್ಲ. ನಾಳೆ ಮನೆಗೆ ಕಳಿಸ್ತಾರೆ." ಮತ್ತೆ ಸೇರಿಸಿದರು: "ಆ ಹುಡುಗೀನೇ ಹಾಕ್ಲಿ. ಮೂಲೆ ಚೆನ್ನಾಗ್ ಬಂದಿತ್ತು."

ಗಂಡೋ ಹೆಣ್ಣೋ ಎಂದು ಕೇಳುವಷ್ಟರಲ್ಲಿ ಇಟ್ಟುಬಿಟ್ಟರು. ಆರ್.ಟಿ. ನಗರಕ್ಕೆ ಫೋನ್ ಮಾಡಿದೆ. ಶಿಷ್ಯೆ ಆಟೋ ಹಿಡಿದು ಬಂದು, ಏದುಸಿರು ಬಿಡುತ್ತಾ ಮೆಟ್ಟಿಲು ಹತ್ತಿದಳು. ಕೌದಿಯನ್ನು ತೊಡೆಯ ಮೇಲೆ ಹರಡಿಕೊಂಡು, ಸೂಜಿಗೆ ದಾರ ಪೋಣಿಸಿ, ಚುಚ್ಚುವ ಮೊದಲು ನನ್ನ ಮುಖ ನೋಡಿದಳು.

"ಪಕ್ಕಾನಾ ಮೇಡಂ? ಮತ್ತೆ ಬಿಚ್ಚೋದಿಲ್ವಲ್ಲ?"

ಇಲ್ಲ, ಹೊಲಿ ಎಂದೆ.